ಬಂದರು ನಮ್ಮದು, ಹಡಗು ಯಾರದು?

ಕಲಾ ವಿಭಾಗದ ವಿದ್ಯಾರ್ಥಿಗೆ ಹಡಗಿನ ಗೊಡವೆಯೇಕೆ ಎಂದು ಈ ತಲೆಬರಹವನ್ನು ಕಂಡ ಮಿತ್ರರು ಕೇಳಿಯಾರು. ನಮ್ಮಲ್ಲಿ ಹಡಗು ಎಂದರೆ ಚರಿತ್ರೆಯ ಪಾಠ. ಬಸರೂರು, ಬಾರಕೂರು, ಭಟ್ಕಳಗಳ ಹೆಸರು ಬಂದಾಗ, ಅರಬ್ಬೀ ಕುದುರೆಗಳು ಭಟ್ಕಳದಲ್ಲಿಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದುವೆಂದು ಬರೆದುಕೊಳ್ಳುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ ಏಡನ್ನಿನೊಡನೆ ವ್ಯಾಪಾರ ನಡೆಸಿದನೆಂದು ಓದಿ ಹೆಮ್ಮೆಪಡುತ್ತೇವೆ. ಪರೀಕ್ಷೆ ಮುಗಿದೊಡನೆ ಸಮುದ್ರವೂ ಮುಗಿದುಹೋಗುತ್ತದೆ.

ಆದರೆ ಹಾಸ್ಟೆಲಿನ ನಮ್ಮ ಊಟದ ತಟ್ಟೆಯನ್ನೇ ನೋಡಿರಿ. ಸಾರಿನ ತೊಗರಿಬೇಳೆ ಕಲಬುರ್ಗಿಯದೇ ಆಗಿರಬೇಕೆಂದಿಲ್ಲ. ಮೊಜಾಂಬಿಕಿನಿಂದಲೂ ಬರ್ಮಾದಿಂದಲೂ ಬಂದದ್ದಾಗಿರಬಹುದು. ಒಗ್ಗರಣೆಯ ತಾಳೆಯೆಣ್ಣೆ ಇಂಡೋನೇಷ್ಯ ಅಥವಾ ಮಲೇಷ್ಯದ್ದು. ಮಂಗಳೂರಿನ ಕಾರ್ಖಾನೆಗಳಲ್ಲಿ ನಮ್ಮ ಹೆಂಗಸರು ಸುಲಿಯುವ ಗೇರುಬೀಜದ ದೊಡ್ಡ ಪಾಲು ಆಫ್ರಿಕದ ಬೀಜ. ಬಸ್ಸಿಗೆ ಹಾಕುವ ಡೀಸೆಲಿನ ಮೂಲವಾದ ಕಚ್ಚಾ ತೈಲದ ಮಾತಂತೂ ಹೇಳಬೇಕಾಗಿಯೇ ಇಲ್ಲ. ಪ್ರಪಂಚದ ವ್ಯಾಪಾರದ ಸರಕಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಸಾಗುವುದು ನೀರಿನ ಮೇಲೆ. ಭಾರತದ ವಿದೇಶ ವ್ಯಾಪಾರದಲ್ಲಿಯಾದರೋ ತೂಕದ ಲೆಕ್ಕಕ್ಕೆ ನೂರಕ್ಕೆ ತೊಂಬತ್ತೈದು ಪಾಲು ಹಡಗಿನದೇ. ಇಷ್ಟನ್ನು ಹೊತ್ತು ತರುವ ಹಡಗುಗಳು ಯಾರವು ಎಂದು ಕೇಳುವ ಅಭ್ಯಾಸ ಮಾತ್ರ ನಮಗಿಲ್ಲ.

ಅದನ್ನು ಕೇಳಿದವರು ಹಿಂದೆ ಇದ್ದರು. 1906ರಲ್ಲಿ ತೂತುಕುಡಿಯ ವಕೀಲರಾದ ವಿ. ಓ. ಚಿದಂಬರಂ ಪಿಳ್ಳೆಯವರು ಸ್ವದೇಶೀ ಹಡಗು ಕಂಪೆನಿಯನ್ನು ಸ್ಥಾಪಿಸಿ ಕೊಲಂಬೊಗೆ ಹಡಗು ನಡೆಸಿದರು. ಬ್ರಿಟಿಷ್ ಕಂಪೆನಿಯು ಎದುರಾಳಿಯನ್ನು ಮುಳುಗಿಸುವುದಕ್ಕಾಗಿ ಪ್ರಯಾಣದ ದರವನ್ನು ಇಳಿಸುತ್ತಾ ಹೋಯಿತು. 1908ರಲ್ಲಿ ಪಿಳ್ಳೆಯವರು ಸೆರೆಮನೆ ಸೇರಿದರು. ಕಂಪೆನಿ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಆಮೇಲೆ ವಾಲ್‌ಚಂದ್ ಹೀರಾಚಂದ್, ನರೋತ್ತಮ ಮೊರಾರ್ಜಿ ಮೊದಲಾದವರ ಸಿಂಧಿಯಾ ಕಂಪೆನಿಯ ‘ಲಾಯಲ್ಟಿ’ ಎಂಬ ಹಡಗು 1919ರ ಏಪ್ರಿಲ್ 5ರಂದು ಬೊಂಬಾಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ನಾವು ಈಗ ರಾಷ್ಟ್ರೀಯ ನೌಕಾದಿನವೆಂದು ಆಚರಿಸುತ್ತೇವೆ. ಸ್ವಾತಂತ್ರ್ಯ ಬಂದ ಬಳಿಕ, 1961ರಲ್ಲಿ, ಪೂರ್ವ ಮತ್ತು ಪಶ್ಚಿಮದ ಎರಡು ಸರ್ಕಾರಿ ಹಡಗು ಸಂಸ್ಥೆಗಳನ್ನು ಕೂಡಿಸಿ ಭಾರತೀಯ ನೌಕಾ ನಿಗಮವನ್ನು ಕಟ್ಟಲಾಯಿತು. ಆ ಕಾಲದವರಿಗೆ ಹಡಗೆಂಬುದು ಬರಿಯ ಲಾಭದ ವಸ್ತುವಾಗಿರಲಿಲ್ಲ. ಪರರ ಹಡಗನ್ನು ನಂಬಿದ ದೇಶ ಪರರ ಮರ್ಜಿಯಲ್ಲಿರುತ್ತದೆ ಎಂಬುದನ್ನು ಅವರು ಅನುಭವದಿಂದ ತಿಳಿದಿದ್ದರು.

ಈಗಿನ ಸ್ಥಿತಿಯೇನು? 2025ರ ಸೆಪ್ಟೆಂಬರಿನಲ್ಲಿ ಭಾವನಗರದ ಸಭೆಯಲ್ಲಿ ಪ್ರಧಾನಮಂತ್ರಿಗಳೇ ಲೆಕ್ಕವನ್ನು ಮುಂದಿಟ್ಟರು. ಐವತ್ತು ವರ್ಷಗಳ ಹಿಂದೆ ನಮ್ಮ ವ್ಯಾಪಾರದ ನೂರಕ್ಕೆ ನಲವತ್ತು ಪಾಲು ನಮ್ಮ ಹಡಗುಗಳಲ್ಲಿ ಸಾಗುತ್ತಿತ್ತು. ಈಗ ಸಾಗುವುದು ನೂರಕ್ಕೆ ಐದು. ವಿದೇಶೀ ಹಡಗುಗಳಿಗೆ ನಾವು ವರ್ಷವರ್ಷವೂ ತೆರುವ ಬಾಡಿಗೆ ಸುಮಾರು 75 ಬಿಲಿಯನ್ ಡಾಲರು, ಎಂದರೆ ಆರು ಲಕ್ಷ ಕೋಟಿ ರೂಪಾಯಿ. ಇದು ಇಡೀ ಕರ್ನಾಟಕ ಸರ್ಕಾರದ ಒಂದು ವರ್ಷದ ಆಯವ್ಯಯಕ್ಕಿಂತ ದೊಡ್ಡದು. ಸಿಂಧಿಯಾ ಕಂಪೆನಿಯ ವೈಭವ ಮುಗಿದ ಕಥೆಯಾಗಿದೆ. ನೌಕಾ ನಿಗಮವನ್ನಾದರೂ ಖಾಸಗಿಯವರಿಗೆ ಮಾರಲು 2019ರಲ್ಲಿ ಕೇಂದ್ರ ಮಂತ್ರಿಮಂಡಲ ಒಪ್ಪಿಗೆಯಿತ್ತಿತು.

ಅರ್ಥಶಾಸ್ತ್ರದ ತರಗತಿಯಲ್ಲಿ ಇದಕ್ಕೊಂದು ಸಮಾಧಾನ ಹೇಳುವುದುಂಟು. ಯಾರು ಯಾವ ಕೆಲಸವನ್ನು ಅಗ್ಗವಾಗಿ ಮಾಡಬಲ್ಲರೋ ಅದನ್ನು ಅವರಿಗೆ ಬಿಡಬೇಕು; ಗಾಡಿ ಬಾಡಿಗೆಗೆ ಸಿಕ್ಕುವಾಗ ಎತ್ತು ಸಾಕುವುದೇಕೆ? ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. 1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕನು ಹಳೆಯ ತೈಲ ಹಡಗೊಂದರ ಮೇಲೆ 58 ಲೋಹದ ಪೆಟ್ಟಿಗೆಗಳನ್ನಿಟ್ಟು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದ. ಅಂದಿನಿಂದ ಸಾಗಣೆಯ ಖರ್ಚು ಎಷ್ಟು ಇಳಿದಿದೆಯೆಂದರೆ, ಸಾಮಾನು ಎಲ್ಲಿ ತಯಾರಾಯಿತೆಂಬುದೇ ಬೆಲೆಯ ಲೆಕ್ಕದಲ್ಲಿ ಗೌಣವಾಗಿಬಿಟ್ಟಿತು. ಇಪ್ಪತ್ತಡಿಯ ಪೆಟ್ಟಿಗೆಗಳ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಸಾವಿರವನ್ನು ಹೊರಬಲ್ಲ ಹಡಗುಗಳು ಈಗ ಓಡಾಡುತ್ತಿವೆ. ಅಂಥದರೊಡನೆ ಸಣ್ಣ ಹಡಗು ಸ್ಪರ್ಧಿಸಲಾರದು. ಅಲ್ಲದೆ ನಮ್ಮಲ್ಲಿ ಹಡಗು ಕೊಳ್ಳುವವನಿಗೆ ಸಾಲದ ಬಡ್ಡಿ ಹೆಚ್ಚು, ತೀರಿಸುವ ಅವಧಿ ಕಡಮೆ, ತೆರಿಗೆಗಳು ಬೇರೆ. ಪರದೇಶದ ಹಡಗನ್ನು ಬಾಡಿಗೆಗೆ ಹಿಡಿಯುವುದೇ ಸುಲಭ.

ಆದರೆ ಈ ಅಗ್ಗವು ಸುಭಿಕ್ಷ ಕಾಲದ ಅಗ್ಗ. 2021ರಲ್ಲಿ ಕೋವಿಡ್ಡಿನ ಗದ್ದಲದಲ್ಲಿ ಪೆಟ್ಟಿಗೆಯ ಬಾಡಿಗೆ ಹಲವು ಪಟ್ಟು ಏರಿದಾಗ ಬಾಡಿಗೆ ತೆತ್ತವರು ನಮ್ಮ ರಫ್ತುದಾರರು, ಲಾಭ ಎಣಿಸಿದವರು ಯೂರೋಪಿನ ಮತ್ತು ಪೂರ್ವ ಏಷ್ಯದ ಹಡಗು ಕಂಪೆನಿಗಳು. 2023ರ ನವೆಂಬರಿನಿಂದ ಯೆಮನ್ನಿನ ಹೂತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬಿದ್ದರು. ಸುಯೆಜ್ ಕಾಲುವೆಯ ದಾರಿಯನ್ನು ಬಿಟ್ಟು ಆಫ್ರಿಕದ ದಕ್ಷಿಣದ ತುದಿಯನ್ನು ಸುತ್ತಿಕೊಂಡು ಹೋಗಬೇಕಾಯಿತು. ಹತ್ತರಿಂದ ಹದಿನಾಲ್ಕು ದಿನಗಳ ಹೆಚ್ಚಿನ ಪಯಣ. ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿಗೆ ದೊಡ್ಡ ಗಿರಾಕಿ ಇಟಲಿ. ಆ ಕಾಫಿಯ ದಾರಿ ಇದೇ. ಎಲ್ಲಿಯೋ ಹಾರಿದ ಕ್ಷಿಪಣಿಯ ವೆಚ್ಚ ಸಕಲೇಶಪುರದ ತೋಟದವರೆಗೂ ಬಂತು. ಅದೇ 2023ರಲ್ಲಿ ಮಳೆಯಿಲ್ಲದೆ ಪನಾಮ ಕಾಲುವೆಗೆ ನೀರೂಡುವ ಸರೋವರ ಬತ್ತಿ, ದಿನಕ್ಕೆ ಮೂವತ್ತಾರರ ಸುಮಾರಿನಲ್ಲಿ ದಾಟುತ್ತಿದ್ದ ಹಡಗುಗಳ ಸಂಖ್ಯೆಯನ್ನು ಮುಂದೆ ಇಪ್ಪತ್ತನಾಲ್ಕಕ್ಕೆ ಇಳಿಸಬೇಕಾಯಿತು. ಕಡಲ ದಾರಿಗಳು ಯಾವಾಗಲೂ ತೆರೆದೇ ಇರುವುವೆಂಬ ನಂಬಿಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ಉಳಿದಿದೆ. ಮುಂದಿನ ಮೂವತ್ತು ವರ್ಷಗಳಲ್ಲಿ ಇಂಥ ತಡೆಗಳು ಹೆಚ್ಚಾಗುವುವೇ ಹೊರತು ಕಡಮೆಯಾಗುವ ಲಕ್ಷಣ ನನಗೆ ಕಾಣುವುದಿಲ್ಲ.

ಹಡಗು ಯಾರದೆಂಬ ಪ್ರಶ್ನೆ ಎಷ್ಟು ತೊಡಕಿನದೆಂಬುದಕ್ಕೆ ‘ಎವರ್ ಗಿವನ್’ ಒಂದೇ ಸಾಕು. ನಾಲ್ಕು ನೂರು ಮೀಟರು ಉದ್ದದ ಆ ಹಡಗು 2021ರ ಮಾರ್ಚ್ 23ರಂದು ಸುಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ಜಗತ್ತಿನ ವ್ಯಾಪಾರವನ್ನು ನಿಲ್ಲಿಸಿದುದು ಎಲ್ಲರಿಗೂ ನೆನಪಿದೆ. ಅದರ ಮಾಲೀಕರು ಜಪಾನಿನವರು, ನಡೆಸುವವರು ತೈವಾನಿನವರು, ಅದನ್ನು ನೋಡಿಕೊಳ್ಳುವ ಸಂಸ್ಥೆ ಜರ್ಮನಿಯದು, ಹಾರುತ್ತಿದ್ದ ಧ್ವಜ ಪನಾಮದ್ದು. ಒಳಗಿದ್ದ ಇಪ್ಪತ್ತೈದು ಮಂದಿ ನಾವಿಕರೋ, ಎಲ್ಲರೂ ಭಾರತೀಯರು! ಪರಿಹಾರದ ವ್ಯಾಜ್ಯ ತೀರುವವರೆಗೆ, ಎಂದರೆ ಜುಲೈ ತಿಂಗಳವರೆಗೆ, ಈಜಿಪ್ಟ್ ಆ ಹಡಗನ್ನು ಹಿಡಿದಿಟ್ಟುಕೊಂಡಿತು. ಲಾಭದ ಹಂಚಿಕೆಯಲ್ಲಿ ನಾಲ್ಕು ದೇಶಗಳ ಹೆಸರಿದ್ದುವು. ನಮ್ಮ ದೇಶದ ಪಾಲಿಗೆ ಬಂದದ್ದು ಕಾವಲು ಕಾಯುವ ಕೆಲಸ. 2024ರ ಮಾರ್ಚಿನಲ್ಲಿ ಬಾಲ್ಟಿಮೋರಿನ ಸೇತುವೆಯನ್ನು ಕೆಡವಿದ ‘ಡಾಲಿ’ ಹಡಗಿನಲ್ಲಿಯೂ ಹಾಗೆಯೇ. ಧ್ವಜ ಸಿಂಗಪುರದ್ದು, ನಾವಿಕರಲ್ಲಿ ಇಪ್ಪತ್ತು ಜನ ಭಾರತೀಯರು. ತಿಂಗಳುಗಟ್ಟಲೆ ಅವರು ಹಡಗಿನಿಂದ ಇಳಿಯಲಾಗಲಿಲ್ಲ.

ಇನ್ನು ನಮ್ಮ ಕರಾವಳಿಯ ಮಾತು. ಸುಮಾರು 320 ಕಿಲೋಮೀಟರಿನ ನಮ್ಮ ತೀರಕ್ಕೆ ದೊಡ್ಡ ಬಂದರೆಂದರೆ ಪಣಂಬೂರಿನ ನವಮಂಗಳೂರು ಬಂದರೊಂದೇ. 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಕುದುರೆಮುಖದ ಅದಿರು ಕೊಳವೆಯಲ್ಲಿ ಹರಿದು ಬಂದು ಇಲ್ಲಿ ಹಡಗೇರುತ್ತಿತ್ತು. 2005ರ ಕೊನೆಗೆ ಆ ಗಣಿ ಮುಚ್ಚಿತು. ಆದರೂ ಕಚ್ಚಾ ತೈಲ, ಅನಿಲ, ಕಲ್ಲಿದ್ದಲು, ಕಾಫಿ, ಗೇರುಬೀಜಗಳಿಂದ 2023-24ರಲ್ಲಿ ನಾಲ್ಕು ಕೋಟಿ ಟನ್ನಿಗೂ ಮಿಕ್ಕಿದ ಸರಕು ಅಲ್ಲಿ ಏರಿಳಿದಿದೆ. ಅದರ ಸಾಮರ್ಥ್ಯ ಇನ್ನೂ ಪೂರ್ತಿಯಾಗಿ ಬಳಕೆಯಾಗಿಲ್ಲ. ಹೀಗಿರುವಾಗ ಹೊಸ ಬಂದರುಗಳ ಮಾತು ಕೇಳಿಬರುತ್ತಲೇ ಇದೆ. ಕಾರವಾರದ ಬಂದರಿನ ವಿಸ್ತರಣೆಯನ್ನು ವಿರೋಧಿಸಿ 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ವರ್ಷಗಳಿಂದ ಜಗಳ ನಡೆದಿದೆ. ಅಂಕೋಲೆಯ ಕೇಣಿಯಲ್ಲಿ ಸುಮಾರು 4,100 ಕೋಟಿ ರೂಪಾಯಿ ವೆಚ್ಚದ, ವರ್ಷಕ್ಕೆ ಮೂರು ಕೋಟಿ ಟನ್ ಸರಕಿನ ಬಂದರನ್ನು ಕಟ್ಟುವ ಕೆಲಸ 2023ರ ನವೆಂಬರಿನಲ್ಲಿ ಜೆ.ಎಸ್.ಡಬ್ಲ್ಯು. ಸಂಸ್ಥೆಗೆ ದೊರೆತ ಮೇಲೆ ಅಲ್ಲಿಯೂ ಮೀನುಗಾರರು ಪ್ರತಿಭಟಿಸಿದ್ದಾರೆ.

ನಾನು ಬಂದರಿನ ವೈರಿಯಲ್ಲ. ಬಂದರಿಲ್ಲದೆ ವ್ಯಾಪಾರವಿಲ್ಲವೆಂಬುದು ಹಸುಳೆಗೂ ತಿಳಿದ ಮಾತು. ಆದರೆ ಬಂದರನ್ನು ಕಟ್ಟುವುದನ್ನೇ ನೌಕಾಯಾನದ ಅಭಿವೃದ್ಧಿಯೆಂದು ತಿಳಿಯುವುದು, ಬಸ್ ನಿಲ್ದಾಣ ಕಟ್ಟಿ ಬಸ್ಸಿನ ಮಾಲೀಕರಾದೆವೆಂದು ಬೀಗಿದಂತೆ. ಅಳಿವೆಯ ದಡದಲ್ಲಿ ಮೀನು ಒಣಗಿಸುವ ಹೆಂಗಸರ ಜಾಗ ಹೋಗುತ್ತದೆ. ನಾಡದೋಣಿಯವನ ದಾರಿ ಮುಚ್ಚುತ್ತದೆ. ಕಲ್ಲಿದ್ದಲ ಧೂಳು ಊರಿಗೆ ಬರುತ್ತದೆ. ಇಷ್ಟನ್ನು ತೆತ್ತ ಮೇಲೆ ದಕ್ಕೆಗೆ ಬಂದು ನಿಲ್ಲುವುದು ಲೈಬೀರಿಯದ ಧ್ವಜದ ಹಡಗು. ಅದೇ ಹಣದ ಒಂದು ಪಾಲನ್ನು ಇರುವ ಬಂದರಿನ ರೈಲುದಾರಿಗೆ ಹಾಕಿದರೆ, ಶಿರಾಡಿ ಘಾಟಿಯ ರಸ್ತೆಗೆ ಹಾಕಿದರೆ, ಬೆಂಗಳೂರಿನ ಸರಕು ಮದರಾಸಿನ ಕಡೆಗೆ ತಿರುಗುವ ಬದಲು ಪಣಂಬೂರಿಗೇ ಇಳಿದೀತು. ಈ ಸರಳ ಸಂಗತಿಯನ್ನು ಯಾವ ಚುನಾವಣಾ ಭಾಷಣದಲ್ಲಿಯೂ ನಾನು ಕೇಳಿಲ್ಲ.

ಹಡಗು ಕಟ್ಟುವ ವಿಷಯದಲ್ಲಿ ಕತ್ತಲೆಯೇ ತುಂಬಿಲ್ಲ. ಪ್ರಪಂಚದ ಹೊಸ ಹಡಗುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಚೀನಾ ಕಟ್ಟುತ್ತದೆ, ಉಳಿದುದರಲ್ಲಿ ಬಹುಪಾಲು ಕೊರಿಯಾ ಮತ್ತು ಜಪಾನ್. ನಮ್ಮದು ನೂರಕ್ಕೆ ಒಂದರಷ್ಟೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಹಡಗು ನಿರ್ಮಾಣಕ್ಕೆಂದು 69,725 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ದೊಡ್ಡ ಹಡಗುಗಳನ್ನು ಮೂಲಸೌಕರ್ಯಗಳ ಪಟ್ಟಿಗೆ ಸೇರಿಸಿ ದೀರ್ಘಾವಧಿಯ ಸಾಲಕ್ಕೆ ದಾರಿ ಮಾಡಿತು. ಅದೇ ವರ್ಷ 1958ರ ಹಡಗು ಕಾಯಿದೆಯನ್ನೂ 1908ರ ಬಂದರು ಕಾಯಿದೆಯನ್ನೂ ತೆಗೆದು ಹೊಸ ಕಾಯಿದೆಗಳನ್ನು ತಂದಿತು. ಕಾಗದದ ಮೇಲೆ ಇವೆಲ್ಲ ಒಳ್ಳೆಯವೇ. ಆದರೆ ನನಗೆ ಹೆಚ್ಚಿನ ಧೈರ್ಯ ತಂದುದು ಮಲ್ಪೆಯ ಸುದ್ದಿ. ಅಲ್ಲಿನ ಹಳೆಯ ಹಡಗುಕಟ್ಟೆಯನ್ನು 2020ರಲ್ಲಿ ಕೊಚ್ಚಿಯ ಸರ್ಕಾರಿ ಸಂಸ್ಥೆ ಕೊಂಡುಕೊಂಡಿತು; ಈಗ ಅಲ್ಲಿಗೆ ನಾರ್ವೆಯ ವಿಲ್ಸನ್ ಸಂಸ್ಥೆಯಿಂದ ಸರಕು ಹಡಗುಗಳ ಬೇಡಿಕೆ ಬಂದಿದೆ. ಕಡಲಿನಲ್ಲಿ ಹುಟ್ಟಿ ಬೆಳೆದವರೆಂದು ಹೆಸರಾದ ನಾರ್ವೆಯವರು ಉಡುಪಿಯಲ್ಲಿ ಹಡಗು ಮಾಡಿಸುತ್ತಾರೆಂದರೆ ನಮ್ಮ ಕಮ್ಮಾರಿಕೆಯಲ್ಲಿ ಕೊರತೆಯಿಲ್ಲವೆಂದಾಯಿತು.

ಇಂಧನದ ಪ್ರಶ್ನೆಯೂ ಈ ಸಂದರ್ಭದಲ್ಲಿಯೇ ಬಂದಿದೆ. ಹಡಗುಗಳು ಉರಿಸುವುದು ಬಹುಮಟ್ಟಿಗೆ ತೈಲ ಶುದ್ಧೀಕರಣದ ತಳದಲ್ಲಿ ಉಳಿಯುವ ಗಟ್ಟಿ ಎಣ್ಣೆಯನ್ನು. ಭೂಮಿಯನ್ನು ಕಾಯಿಸುವ ಅನಿಲಗಳಲ್ಲಿ ನೂರಕ್ಕೆ ಮೂರರಷ್ಟು ಇವುಗಳಿಂದ ಬರುತ್ತದೆ. 2050ರ ಹೊತ್ತಿಗೆ ಇದನ್ನು ಸೊನ್ನೆಗೆ ಇಳಿಸಬೇಕೆಂದು 2023ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆಯಲ್ಲಿ ದೇಶಗಳು ಒಪ್ಪಿದುವು. ಹೊಗೆಯ ಮೇಲೆ ಶುಲ್ಕ ಹಾಕುವ ಕಟ್ಟಳೆಗೆ 2025ರ ಏಪ್ರಿಲಿನಲ್ಲಿ ಸಮ್ಮತಿ ದೊರೆತರೂ ಅಕ್ಟೋಬರಿನಲ್ಲಿ, ಅಮೆರಿಕದ ಒತ್ತಾಯದ ನಡುವೆ, ಅಂತಿಮ ತೀರ್ಮಾನವನ್ನು ಒಂದು ವರ್ಷ ಮುಂದೂಡಿದರು. ಮೆಥನಾಲ್ ಉರಿಸುವ ಪೆಟ್ಟಿಗೆ ಹಡಗು 2023ರಲ್ಲಿಯೇ ನೀರಿಗಿಳಿದಿದೆ. ಅಮೋನಿಯದ ಪ್ರಯೋಗ ನಡೆದಿದೆ. ಅದು ವಿಷ, ಸೋರಿದರೆ ಯಂತ್ರದ ಕೋಣೆಯವನ ಗತಿಯೇನೆಂದು ಯೋಚಿಸಬೇಕು. ಅದೇ ವರ್ಷ ‘ಪಿಕ್ಸಿಸ್ ಓಷನ್’ ಎಂಬ ಹಡಗು ಎರಡು ಎತ್ತರದ ಗಟ್ಟಿ ರೆಕ್ಕೆಗಳನ್ನು ನಿಲ್ಲಿಸಿಕೊಂಡು ಗಾಳಿಯ ಸಹಾಯದಿಂದ ಚೀನಾದಿಂದ ಬ್ರೆಜಿಲ್ಲಿಗೆ ಹೋಯಿತು. ಹಾಯಿ ಬಿಚ್ಚಿ ಮಂಜಿ ನಡೆಸಿದ ನಮ್ಮ ಹಳೆಯ ತಾಂಡೇಲರು ಇದನ್ನು ಕಂಡಿದ್ದರೆ ನಕ್ಕುಬಿಡುತ್ತಿದ್ದರೇನೋ!

ಈ ಬದಲಾವಣೆಯಲ್ಲಿ ಹಳೆಯ ಹಡಗುಗಳನ್ನು ಗುಡ್ಡೆ ಹಾಕಿಕೊಂಡವರಿಗೆ ನಷ್ಟ. ಕೈಯಲ್ಲಿ ಹಡಗೇ ಇಲ್ಲದ ನಮಗೆ ಆ ಚಿಂತೆ ಕಡಮೆ. ಕಟ್ಟುವುದಾದರೆ ಮೊದಲಿನಿಂದಲೇ ಹೊಸ ಬಗೆಯವನ್ನು ಕಟ್ಟಬಹುದು. ಶುಲ್ಕದಿಂದ ಬಡ ದೇಶಗಳ ಆಹಾರದ ಬೆಲೆ ಏರುವುದೆಂಬ ಆಕ್ಷೇಪಣೆ ನಿಜವೇ. ಹಾಗೆಂದು ಶುಲ್ಕವೇ ಬೇಡವೆನ್ನುವುದಕ್ಕಿಂತ, ಕೂಡಿದ ಹಣ ಆ ದೇಶಗಳಿಗೇ ಹಿಂದಿರುಗಲಿ ಎಂದು ಕೇಳುವುದು ನ್ಯಾಯವೆಂದು ನನ್ನ ನಮ್ರ ಅಭಿಪ್ರಾಯ. ಕಡಲು ಏರಿದರೆ ಮೊದಲು ಮುಳುಗುವುದು ಉಳ್ಳಾಲದಂಥ ತೀರವೇ ಅಲ್ಲವೆ? 2025ರ ಮೇ ತಿಂಗಳಿನಲ್ಲಿ ಕೊಚ್ಚಿಯ ಬಳಿ ‘ಎಂಎಸ್‌ಸಿ ಎಲ್ಸಾ 3’ 640 ಪೆಟ್ಟಿಗೆಗಳೊಡನೆ ಮುಳುಗಿ ಕೇರಳದ ದಂಡೆಯ ಮೇಲೆ ಪ್ಲಾಸ್ಟಿಕ್ಕಿನ ಹರಳು ಚೆಲ್ಲಿತು. ಸುಮಾರು ಹದಿನೈದು ದಿನಗಳ ಬಳಿಕ, ಜೂನ್ 9ರಂದು, ಕಣ್ಣೂರಿನಾಚೆ ‘ವಾನ್ ಹೈ 503’ ಹೊತ್ತಿ ಉರಿಯಿತು. ಇಪ್ಪತ್ತೆರಡು ಮಂದಿಯಲ್ಲಿ ಹದಿನೆಂಟು ಜನರನ್ನು ನಮ್ಮ ನೌಕಾಪಡೆಯ ‘ಸೂರತ್’ ಹಡಗು ಪಣಂಬೂರಿಗೆ ತಂದಿತು; ಸುಟ್ಟ ಗಾಯದವರು ಮಂಗಳೂರಿನ ಆಸ್ಪತ್ರೆ ಸೇರಿದರು. ನಾಲ್ವರು ಕಾಣೆಯಾದರು.

ಮುಂದೆ ಹಡಗಿಗೆ ಮನುಷ್ಯರೇ ಬೇಡವಾಗುವರೆಂದು ಕೆಲವರು ಹೇಳುತ್ತಾರೆ. ನಾರ್ವೆಯ ಒಂದು ಸಣ್ಣ ವಿದ್ಯುತ್ ಹಡಗು ತಾನಾಗಿಯೇ ನಡೆಯುವುದನ್ನು ಕಲಿಯುತ್ತಿದೆ. ಅದು ಹತ್ತಿರದ ಊರುಗಳ ನಡುವಿನ ಮಾತು. ಯಂತ್ರ ಕೆಟ್ಟರೆ ನಡುಗಡಲಲ್ಲಿ ಕೈಹಾಕುವವನು ಬೇಕೇ ಬೇಕು. ಆದುದರಿಂದ ನೌಕಾಯಾನದ ಭವಿಷ್ಯವೆಂದರೆ ನಾವಿಕನ ಭವಿಷ್ಯವೂ ಹೌದು. ಜಗತ್ತಿನಲ್ಲಿ ಹತ್ತೊಂಬತ್ತು ಲಕ್ಷದ ಸುಮಾರಿನ ನಾವಿಕರಿದ್ದಾರೆ. ಅತಿ ಹೆಚ್ಚು ಜನರನ್ನು ಕಳುಹಿಸುವ ದೇಶಗಳ ಪಂಕ್ತಿಯಲ್ಲಿ ನಾವಿದ್ದೇವೆ. ಹೆಂಗಸರು ನೂರಕ್ಕೆ ಇಬ್ಬರೂ ಇಲ್ಲ. ಸಂಬಳ ಕೊಡದೆ, ಅನ್ನ ನೀರು ಕಳುಹಿಸದೆ, ಮಾಲೀಕರು ನಡುದಾರಿಯಲ್ಲಿ ಕೈಬಿಟ್ಟ ಹಡಗುಗಳ ಸಂಖ್ಯೆ 2024ರಲ್ಲಿ ಮುನ್ನೂರನ್ನು ದಾಟಿತು. ಅವುಗಳಲ್ಲಿ ಸಿಕ್ಕಿಕೊಂಡ ಮೂರು ಸಾವಿರಕ್ಕೂ ಮಿಕ್ಕಿದ ನಾವಿಕರಲ್ಲಿ ಬೇರೆ ಯಾವ ದೇಶದವರಿಗಿಂತಲೂ ಹೆಚ್ಚಿನವರು ಭಾರತೀಯರು. ನಮ್ಮ ಕೇರಿಯ ಯುವಕನೊಬ್ಬ ಇಂಥ ಬಲೆಗೆ ಬಿದ್ದ. ಏಜೆಂಟನೊಬ್ಬನಿಗೆ ತಾಯಿಯ ಬಳೆ ಅಡವಿಟ್ಟ ಹಣ ಕೊಟ್ಟು ಹೋದವನು ಕೊಲ್ಲಿಯ ಬಂದರೊಂದರ ಹೊರಗೆ ಲಂಗರು ಹಾಕಿದ ತುಕ್ಕು ಹಿಡಿದ ಹಡಗಿನಲ್ಲಿ ಏಳು ತಿಂಗಳು ಸಂಬಳವಿಲ್ಲದೆ ಕುಳಿತಿದ್ದು ಬಂದ. ಈಗ ಊರಿನಲ್ಲಿ ಆಟೋ ಓಡಿಸುತ್ತಾನೆ. ಸಮುದ್ರದ ಮಾತೆತ್ತಿದರೆ ಎದ್ದುಹೋಗುತ್ತಾನೆ.

ಅವನಿಗೆ ಯಾರಾದರೂ ಮೊದಲೇ ಹೇಳಬೇಕಾಗಿತ್ತು. ಹೇಳುವವರೆಲ್ಲಿದ್ದಾರೆ? ಭಾರತೀಯ ಕಡಲ ವಿಶ್ವವಿದ್ಯಾಲಯ 2008ರಲ್ಲಿ ಸ್ಥಾಪಿತವಾಗಿ ಚೆನ್ನೈ, ಕೊಚ್ಚಿ, ಕಲ್ಕತ್ತ, ಮುಂಬಯಿ, ವಿಶಾಖಪಟ್ಟಣಗಳಲ್ಲಿ ಶಾಖೆಗಳನ್ನು ತೆರೆದಿದೆ. ಕರ್ನಾಟಕದಲ್ಲಿಲ್ಲ. ಖಾಸಗಿ ಶಾಲೆಗಳ ಶುಲ್ಕ ಲಕ್ಷಗಳ ಲೆಕ್ಕ. ಹಡಗಿನ ಅಧಿಕಾರಿಯಾಗಬೇಕಾದರೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿರಬೇಕು. ಕಲಾ ವಿಭಾಗವನ್ನು ಆರಿಸಿದ ದಿನವೇ ಆ ಬಾಗಿಲು ನಮಗೆ ಮುಚ್ಚಿತೆಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ಆದರೆ ಕಡಲ ಕೆಲಸವೆಲ್ಲ ಹಡಗಿನ ಮೇಲೆಯೇ ಇಲ್ಲ. ಕಡಲ ವಿಮೆ, ಬಾಡಿಗೆಯ ಕರಾರು, ವ್ಯಾಜ್ಯಗಳ ಮಧ್ಯಸ್ಥಿಕೆ, ಬಂದರಿನ ಆಡಳಿತ, ನಾವಿಕರ ಯೋಗಕ್ಷೇಮ, ಇವುಗಳಿಗೆ ಬೇಕಾದುದು ಅರ್ಥಶಾಸ್ತ್ರ, ಕಾನೂನು, ಭಾಷೆಗಳನ್ನು ಬಲ್ಲವರು. ನಮ್ಮ ಸರಕಿನ ವ್ಯಾಜ್ಯವೂ ಅನೇಕ ವೇಳೆ ಲಂಡನ್ನಿನ ಮಧ್ಯಸ್ಥರ ಮುಂದೆ ತೀರ್ಮಾನವಾಗುವುದೇಕೆಂದರೆ, ಆ ವಿದ್ಯೆಯನ್ನು ಅವರು ನೂರಾರು ವರ್ಷಗಳಿಂದ ಸಾಕಿಕೊಂಡು ಬಂದಿದ್ದಾರೆ. ಮಂಗಳೂರಿನಲ್ಲಿಯೋ ಕಾರವಾರದಲ್ಲಿಯೋ ವಿಶ್ವವಿದ್ಯಾಲಯದ ಒಂದು ಶಾಖೆಯನ್ನು ತೆರೆದು, ತೀರದ ಮೀನುಗಾರರ ಮಕ್ಕಳಿಗೆ ಶುಲ್ಕ ಮನ್ನಾ ಮಾಡಿ, ಕಲಾ ಪದವೀಧರರಿಗೂ ಈ ವಿಷಯಗಳಲ್ಲಿ ಎಡೆ ಕೊಡುವುದಕ್ಕೆ ತಗಲುವ ಹಣ ಒಂದು ಹೊಸ ಬಂದರಿನ ತಡೆಗೋಡೆಯ ಖರ್ಚಿಗಿಂತ ಹೆಚ್ಚಾಗದು.

ಅದು ಆಗುವಾಗ ಆಗಲಿ. ಅಷ್ಟರೊಳಗೆ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ನಾವಿಕರನ್ನು ಸೇರಿಸಿಕೊಳ್ಳುವ ಸಂಸ್ಥೆಗಳಿಗೆ ಕೇಂದ್ರ ಸರ್ಕಾರದ ಪರವಾನಗಿ ಇರಬೇಕು. ಪರವಾನಗಿ ಪಡೆದವರ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸುತ್ತದೆ. ನೌಕರಿ ಕೊಡಿಸಿದ್ದಕ್ಕಾಗಿ ನಾವಿಕನಿಂದ ಹಣ ಪಡೆಯುವುದು ನಿಯಮಕ್ಕೆ ವಿರುದ್ಧ. ಹತ್ತನೆಯ ತರಗತಿ ಮುಗಿಸಿದವರಿಗೆ ಆರು ತಿಂಗಳ ಖಲಾಸಿ ತರಬೇತಿಯೂ ಮಾನ್ಯತೆ ಪಡೆದ ಶಾಲೆಗಳಲ್ಲಿ ಮಾತ್ರ ಸಿಂಧು. ನಮ್ಮಲ್ಲಿ ಹಲವರ ಮನೆಗಳಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರು ನಾವೇ ಮೊದಲು. ಇಂಥವನ್ನು ತಿಳಿಸಿಕೊಡಲು ಅಣ್ಣನೂ ಇಲ್ಲ, ಮಾವನೂ ಇಲ್ಲ. ಕಾಲೇಜಿನ ಉದ್ಯೋಗ ಮಾಹಿತಿ ಫಲಕದಲ್ಲಿ ಬ್ಯಾಂಕು, ರೈಲ್ವೆ, ಪೋಲೀಸು ಪರೀಕ್ಷೆಗಳ ಪ್ರಕಟಣೆಗಳನ್ನು ಹಾಕಿದ್ದಾರೆ. ಅವುಗಳ ಪಕ್ಕದಲ್ಲಿ ಆ ಪಟ್ಟಿಯ ಒಂದು ಪ್ರತಿಯನ್ನೂ ಅಂಟಿಸಬೇಕೆಂದು ಉಪನ್ಯಾಸಕ ವರ್ಗದವರಲ್ಲಿ ವಿನಂತಿಸುತ್ತೇನೆ. ತಂದುಕೊಡುವ ಕೆಲಸವನ್ನು ನಾನೇ ಮಾಡುತ್ತೇನೆ.